ಮೀನಿಗೆ ಮೊದಲು ನೀರು

ಮನೆಯಲ್ಲಿ ಮೀನು ಸಾಕುವವರು ಬಹಳ ಮಂದಿ. ನೀರು ಸಾಕುವವರು ಕಡಿಮೆ. ತೊಟ್ಟಿ ತಂದು, ನೀರು ತುಂಬಿ, ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಚಿನ್ನದ ಮೀನು ತಂದು ಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಹತ್ತು ದಿನದಲ್ಲಿ ಒಂದೊಂದೇ ಮೀನು ಹೊಟ್ಟೆ ಮೇಲಾಗಿ ತೇಲತೊಡಗುತ್ತದೆ. "ಈ ಮನೆಗೆ ಮೀನು ಆಗಿಬರುವುದಿಲ್ಲ" ಎಂಬ ತೀರ್ಮಾನವಾಗುತ್ತದೆ. ತೊಟ್ಟಿ ಅಟ್ಟ ಸೇರುತ್ತದೆ. ಆಗಿಬರದಿದ್ದುದು ಮೀನಲ್ಲ, ನೀರು.

ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಬೆಳೆಸುವ ಅಕ್ವಾಪೋನಿಕ್ಸ್ ಪದ್ಧತಿಯಲ್ಲಿ ಈ ಮಾತು ಇನ್ನಷ್ಟು ನಿಜ. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಹರಿವಾಣ. ಪುಟ್ಟ ಪಂಪು ತೊಟ್ಟಿಯ ನೀರನ್ನು ಜಲ್ಲಿಗೆ ಎತ್ತುತ್ತದೆ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗುತ್ತದೆ, ಸೋಸಿದ ನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ, ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ ಮತ್ತು ಸಂಗಡಿಗರು 1980ರ ದಶಕದಿಂದ ತಿಲಾಪಿಯ ಮೀನಿನ ಜೊತೆ ಸೊಪ್ಪು ಬೆಳೆದು ಈ ಪದ್ಧತಿಗೆ ಲೆಕ್ಕಾಚಾರದ ಬುನಾದಿ ಹಾಕಿದರು. ಈಗ ಅದು ಊರೂರಿನ ತಾರಸಿಗಳನ್ನೂ ಏರಿದೆ.

ಮೈಸೂರಿನ ಅಂಥದೊಂದು ತಾರಸಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಸೇರಿ 300 ಲೀಟರಿನ ತೊಟ್ಟಿ ಇಟ್ಟಳು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಸರಿಯಾಗಿ ಒಂದು ತಿಂಗಳಿತ್ತು. ಕೊಳವೆ ಬಾವಿಯ ನೀರು ತುಂಬಿ, ಹನ್ನೆರಡು ಚಿನ್ನದ ಮೀನು ಬಿಟ್ಟರು. ಮೀನು ಬಾಯಿ ತೆರೆದಾಗಲೆಲ್ಲ ಹಸಿವೆಂದು ಭಾವಿಸಿ ಮನೆಯವರೆಲ್ಲ ಒಂದೊಂದು ಚಿಟಿಕೆ ಆಹಾರ ಉದುರಿಸಿದರು. ಒಂಬತ್ತನೆಯ ದಿನ ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಏದುಸಿರು ಬಿಡತೊಡಗಿದವು. ಮಾರನೆಯ ಬೆಳಿಗ್ಗೆ ಮೂರು ಸತ್ತಿದ್ದವು. ಹುಡುಗಿಗೆ ಅಳುವಿಗಿಂತ ಹೆಚ್ಚಾಗಿ ಅನುಮಾನ. ನೀರು ಸ್ಫಟಿಕದಂತೆ ತಿಳಿಯಾಗಿದೆ, ಹಾಗಿದ್ದರೆ ಯಾರೋ ಏನೋ ಹಾಕಿರಬೇಕು!

ಅಪ್ಪ ಒಂದು ಉಪಾಯ ಮಾಡಿದ್ದರು. ಮಗಳು ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ ಮೂರು ಮೀನು ತಂದು ಬಿಟ್ಟರಾಯಿತು, ಪ್ರದರ್ಶನಕ್ಕೂ ತೊಂದರೆಯಿಲ್ಲ. ಅಮ್ಮ ಒಪ್ಪಲಿಲ್ಲ. "ಸತ್ತ ಮೀನಿಗೆ ಬದಲಿ ಮೀನು ಸಿಗುತ್ತೆ. ಯಾಕೆ ಸತ್ತಿತು ಅನ್ನೋದಕ್ಕೆ ಬದಲಿ ಏನು ತರ್ತೀರಿ?" ಎಂದರು. ಸಂಜೆ ಅಪ್ಪ ತಂದದ್ದು ಮೀನನ್ನಲ್ಲ, ನೀರು ಪರೀಕ್ಷಿಸುವ ಒಂದು ಪೆಟ್ಟಿಗೆಯನ್ನು.

ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಾಕಿ ಹನಿ ಬಿಟ್ಟರೆ ಬಣ್ಣ ಬರಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಅಂದು ಬಂದದ್ದು ಪಟ್ಟಿಯ ಕೊನೆಯ ಗೆರೆಯನ್ನೂ ದಾಟಿದ ಕಡುಹಸಿರು. ತಿಳಿಯಾದ ನೀರು ಶುದ್ಧವಾದ ನೀರಲ್ಲ ಎಂಬುದು ಹುಡುಗಿಗೆ ಮೊದಲ ಪಾಠ.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೀನು ತಿಂದ ಪ್ರೋಟೀನಿನಲ್ಲಿರುವ ಸಾರಜನಕದ ಬಹುಭಾಗ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತದೆ. 100 ಗ್ರಾಂ ಆಹಾರದಿಂದ ಬರುವ ಅಮೋನಿಯಾ ಸುಮಾರು 3 ಗ್ರಾಂ. ದಿನಕ್ಕೆ 20 ಗ್ರಾಂ ಆಹಾರ ಬಿದ್ದರೆ 300 ಲೀಟರಿನ ತೊಟ್ಟಿಯಲ್ಲಿ ಪ್ರತಿ ಲೀಟರಿಗೆ ದಿನಕ್ಕೆ 2 ಮಿಲಿಗ್ರಾಂ ಸೇರಿದಂತಾಯಿತು. ಇಂಥ ತೊಟ್ಟಿಯಲ್ಲಿ ಅದು ಒಟ್ಟು 1 ಮಿಲಿಗ್ರಾಂ ದಾಟಬಾರದು. ಒಂಬತ್ತು ದಿನದ್ದನ್ನು ಕೂಡಿಸಿ ನೋಡಿ! ಸಾಲದ್ದಕ್ಕೆ ಕೊಳವೆ ಬಾವಿಯ ನೀರು ಕ್ಷಾರೀಯ. ನೀರಿನಲ್ಲಿ ಅಮೋನಿಯಾಕ್ಕೆ ಎರಡು ರೂಪ. ಒಂದು ಅಷ್ಟಾಗಿ ತೊಂದರೆ ಕೊಡದು, ಇನ್ನೊಂದು ವಿಷ. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದಾಗ ವಿಷರೂಪದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ, ಪಿ.ಎಚ್. 8ಕ್ಕೇರಿದರೆ ನೂರಕ್ಕೆ ಐದನ್ನು ಮೀರುತ್ತದೆ. ಅಷ್ಟೇ ಆಹಾರ, ಅಷ್ಟೇ ಮೀನು, ಆದರೆ ವಿಷ ಸುಮಾರು ಒಂಬತ್ತು ಪಟ್ಟು.

ಹಾಗಾದರೆ ಹಳೆಯ ತೊಟ್ಟಿಗಳಲ್ಲಿ ಮೀನು ಬದುಕುವುದು ಹೇಗೆ? ಉತ್ತರ 1877ರ ಪ್ಯಾರಿಸ್‌ನಲ್ಲಿದೆ. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ವಿಜ್ಞಾನಿಗಳು ಮರಳು ತುಂಬಿದ ಉದ್ದನೆಯ ಗಾಜಿನ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಹಾಗೆಯೇ ಕೆಳಗೆ ಬಂತು. ಆಮೇಲೆ ಅದು ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವ ಅಗತ್ಯವಿರಲಿಲ್ಲ. ಅವರು ಕೊಳವೆಗೆ ಕ್ಲೋರೋಫಾರ್ಮ್ ಹಾಯಿಸಿದರು, ಕ್ರಿಯೆ ನಿಂತುಹೋಯಿತು. ಕ್ಲೋರೋಫಾರ್ಮ್ ಹೋಗಲಾಡಿಸಿ, ಸ್ವಲ್ಪ ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಮರಳಿನಲ್ಲಿ ಜೀವವಿತ್ತು. ಸುಮಾರು 1890ರಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದೆಂದು 2015ರಲ್ಲಿ ಪ್ರಕಟವಾದಾಗ, ಅದು ಸಿಕ್ಕ ಜಾಗಗಳಲ್ಲೊಂದು ಮೀನು ಸಾಕುವ ತೊಟ್ಟಿಯ ಸೋಸುಕವೇ ಆಗಿತ್ತು.

ತಾರಸಿಯ ಜಲ್ಲಿಯಲ್ಲಿ ನಡೆಯಬೇಕಾದದ್ದೂ ಇದೇ. ಈ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಶಾಲೆಯ ಪ್ರದರ್ಶನದ ತಾರೀಖು ಅವಕ್ಕೆ ಗೊತ್ತಿಲ್ಲ.

ಮನೆಯವರು ಅಂದೇ ಅರ್ಧದಷ್ಟು ನೀರು ಬದಲಿಸಿದರು. ಆಹಾರವನ್ನು ಎರಡು ದಿನಕ್ಕೊಮ್ಮೆ, ಅದೂ ಐದು ನಿಮಿಷದಲ್ಲಿ ಮುಗಿಯುವಷ್ಟಕ್ಕೆ ಇಳಿಸಿದರು. ಪರಿಚಯದವರೊಬ್ಬರ ಹಳೆಯ, ಆರೋಗ್ಯವಾದ ಮೀನಿನ ತೊಟ್ಟಿಯಿಂದ ಎರಡು ಹಿಡಿ ಜಲ್ಲಿಯನ್ನು ಒದ್ದೆಯಾಗಿಯೇ ತಂದು ಹರಿವಾಣಕ್ಕೆ ಸೇರಿಸಿದರು. ಮೊಸರಿಗೆ ಹೆಪ್ಪು ಹಾಕಿದಂತೆ ಎನ್ನಿ. ಹೊಸ ನೀರಿಗೆ ನಲ್ಲಿಯ ನೀರು ಬಳಸಿದಾಗ ಬಕೆಟ್ಟುಗಳಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹಾರಿಹೋಗುವಂತೆ ನೋಡಿಕೊಂಡರು. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹುಡುಗಿ ಇನ್ನೂರು ಪುಟದ ನೋಟುಪುಸ್ತಕದಲ್ಲಿ ದಿನವೂ ಅಂಕಿ ಬರೆದಳು.

ಮೂರನೆಯ ವಾರ ಅಮೋನಿಯಾ ಇಳಿಯತೊಡಗಿತು. ಸಂತೋಷಪಡುವುದರೊಳಗೆ ನೈಟ್ರೈಟ್ ಏರಿತು. ಇದೂ ಕೆಟ್ಟದ್ದೇ. ರಕ್ತಕ್ಕಿಳಿದು ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ಇದಕ್ಕೆ ಅಡುಗೆಮನೆಯಲ್ಲೇ ಆಸರೆಯಿದೆ. 300 ಲೀಟರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಸೊಪ್ಪಿಗೆ ಅಷ್ಟು ಉಪ್ಪು ಬಾಧಕವಲ್ಲ. ಪದೇ ಪದೇ ಹಾಕಿದರೆ ಬಾಧಕವೇ, ಏಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ.

ಪ್ರದರ್ಶನದ ದಿನ ನೈಟ್ರೈಟ್ ಇನ್ನೂ ಇಳಿದಿರಲಿಲ್ಲ. ಹುಡುಗಿ ಮೀನನ್ನು ಶಾಲೆಗೆ ಒಯ್ಯಲಿಲ್ಲ. ಗ್ರಾಫ್ ಹಾಳೆಯಲ್ಲಿ ಮೂರು ಬಣ್ಣದ ಮೂರು ಗೆರೆ ಎಳೆದು ಒಯ್ದಳು. ಮೀನು ಸತ್ತ ದಿನದ ಮೇಲೆ ಮೂರು ಕಪ್ಪು ಚುಕ್ಕಿಗಳಿದ್ದವು. ಅವನ್ನು ಬಿಟ್ಟುಬಿಡು ಎಂದು ಅಪ್ಪ ಹೇಳಿದ್ದರು. ಬಿಟ್ಟರೆ ಗ್ರಾಫ್ ಅರ್ಥವಾಗುವುದಿಲ್ಲ ಎಂದು ಅವಳು ಬಿಡಲಿಲ್ಲ. ಬಹುಮಾನ ನೀರಿನ ಕಾರಂಜಿಯ ಮಾದರಿಗೆ ಹೋಯಿತು. ಆರನೆಯ ವಾರದ ಕೊನೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು. ಅದಾದ ಮೇಲೆಯೇ ಪಾಲಕ್ ಸಸಿ ನೆಟ್ಟರು.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. 1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.5 ಗ್ರಾಂ ಆಮ್ಲಜನಕ ಬೇಕು, ಮೀನಿಗೂ ಬೇಕು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಐದಕ್ಕಿಂತ ಕೆಳಗಿಳಿಯಲು ಬಿಡಬಾರದು. ಆದ್ದರಿಂದ ತೊಟ್ಟಿಗೆ ನೆರಳು ಬೇಕು. ಬೇಸಿಗೆಯಲ್ಲಿ ಕರೆಂಟು ಹೋದಾಗ ಬ್ಯಾಟರಿಯ ಗಾಳಿಪಂಪು ಬೇಕು. ಅದಿಲ್ಲದಿದ್ದರೆ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುತ್ತಿರಬೇಕು. ಪಂಪು ನಿಂತಿರುವಾಗ ಮೀನಿಗೆ ಆಹಾರ ಹಾಕಬಾರದು.

ಬ್ಯಾಕ್ಟೀರಿಯಾಗಳ ಕೆಲಸದಿಂದ ನೀರು ದಿನದಿಂದ ದಿನಕ್ಕೆ ಆಮ್ಲೀಯವಾಗುತ್ತದೆ. ಮೀನು, ಗಿಡ, ಬ್ಯಾಕ್ಟೀರಿಯಾ ಮೂವರಿಗೂ ಹೊಂದುವ ಪಿ.ಎಚ್. 7ರ ಆಸುಪಾಸು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಅದು ಎಂಟರಲ್ಲೇ ನಿಂತರೆ ಕಬ್ಬಿಣದಂಶ ಗಿಡಕ್ಕೆ ದಕ್ಕದೆ ಎಳೆಯೆಲೆ ಹಳದಿಯಾಗುತ್ತದೆ. ಮಳೆನೀರು ಬೆರೆಸಿದರೆ ತಹಬಂದಿಗೆ ಬರುತ್ತದೆ. ಆರೂವರೆಗಿಂತ ಕೆಳಗಿಳಿದರೆ ತೊಳೆದು ಪುಡಿಮಾಡಿದ ಮೊಟ್ಟೆಯ ಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಯಲ್ಲಿ ತೂಗುಬಿಟ್ಟರೆ ಸಾಕು. ಯಾವುದನ್ನೂ ಒಮ್ಮೆಲೇ ಮಾಡಬಾರದು. ಮೀನು ಕೆಟ್ಟ ನೀರನ್ನಾದರೂ ಸ್ವಲ್ಪ ಹೊತ್ತು ಸಹಿಸೀತು, ಹಠಾತ್ತಾಗಿ ಬದಲಾಗುವ ನೀರನ್ನು ಸಹಿಸದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಕಾಯಿಲೆಯದು. ಮೀನಿನ ಅಂಗಡಿಗಳಲ್ಲಿ ಹಸಿರು, ನೀಲಿ ಬಣ್ಣದ ಔಷಧಿ ಸೀಸೆಗಳು ಅಗ್ಗಕ್ಕೆ ಸಿಗುತ್ತವೆ. ಬರಿಯ ಮೀನಿನ ತೊಟ್ಟಿಯ ಮಾತು ಬೇರೆ. ಸೊಪ್ಪು ಬೆಳೆಯುವ ನೀರಿಗೆ ಅದನ್ನು ಸುರಿಯುವಂತಿಲ್ಲ. ಆ ಬಣ್ಣಗಳಲ್ಲೊಂದಾದ ಮಲಾಕೈಟ್ ಗ್ರೀನ್, ತಿನ್ನುವ ಮೀನಿಗೆ ಬಳಸಬಾರದೆಂದು ಅನೇಕ ದೇಶಗಳಲ್ಲಿ ನಿಷೇಧಿತ. ಮೈಲುತುತ್ತ ಗಿಡಕ್ಕೂ ಮೀನಿಗೂ ಅಪಾಯ. ರೋಗನಿರೋಧಕ ಔಷಧಿಗಳು ರೋಗದ ಬ್ಯಾಕ್ಟೀರಿಯಾ, ಜಲ್ಲಿಯ ಬ್ಯಾಕ್ಟೀರಿಯಾ ಎಂದು ಭೇದ ಮಾಡುವುದಿಲ್ಲ. ಪ್ಯಾರಿಸ್‌ನ ಕೊಳವೆಗೆ ಕ್ಲೋರೋಫಾರ್ಮ್ ಮಾಡಿದ್ದನ್ನೇ ಇಲ್ಲಿ ಅವು ಮಾಡಬಹುದು. ಸೊಪ್ಪಿನ ಹುಳುವಿಗೆಂದು ಸಿಂಪಡಿಸುವ ಬೇವಿನೆಣ್ಣೆಯೂ ತೊಟ್ಟಿಗಿಳಿದರೆ ಮೀನಿಗೆ ಹಾನಿ.

ಉಳಿದದ್ದು ಒಂದೇ ದಾರಿ: ರೋಗವನ್ನು ಒಳಗೆ ಬಿಡದಿರುವುದು. ಮುಂದೆ ನಾಲ್ಕು ಹೊಸ ಮೀನು ತಂದಾಗ ಅವನ್ನು ಮೂರು ವಾರ ಬೇರೆ ಟಬ್ಬಿನಲ್ಲಿ ಇರಿಸಿದರು. ಆರನೆಯ ದಿನ ಒಂದರ ರೆಕ್ಕೆಯ ಮೇಲೆ ರವೆಕಾಳಿನಂಥ ಬಿಳಿ ಚುಕ್ಕೆ ಕಂಡವು. ಅದು ಏಕಕೋಶದ ಪರಾವಲಂಬಿ. ಚರ್ಮದಡಿ ಅಡಗಿರುವಾಗ ಔಷಧಿ ತಾಗದು, ಬಲಿತು ತಳಕ್ಕೆ ಉದುರಿ, ನೂರಾರು ಮರಿಗಳಾಗಿ ಈಜುವಾಗ ಮಾತ್ರ ಅದು ದುರ್ಬಲ. ಟಬ್ಬಿಗೆ ಲೀಟರಿಗೆ 3 ಗ್ರಾಂನಂತೆ ಉಪ್ಪು ಹಾಕಿ, ದಿನವೂ ತಳ ತೊಳೆದು ಕಾದರು. ಒಂದು ಮೀನು ಉಳಿಯಲಿಲ್ಲ, ಮೂರು ಉಳಿದವು. ದೊಡ್ಡ ತೊಟ್ಟಿಗೆ ಸೋಂಕು ಹೋಗಲಿಲ್ಲ.

ಈಗ ಆ ಹುಡುಗಿ ಬೆಳಿಗ್ಗೆ ಆಹಾರ ಹಾಕಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾಳೆ. ಆಹಾರಕ್ಕೆ ಓಡಿಬರದ ಮೀನು ಯಾವುದು, ರೆಕ್ಕೆ ಮುದುರಿಕೊಂಡದ್ದು ಯಾವುದು, ಜಲ್ಲಿಗೆ ಮೈ ಉಜ್ಜುವುದು ಯಾವುದು ಎಂದು ನೋಡುತ್ತಾಳೆ. ಪರೀಕ್ಷೆಯ ಹನಿಗಳಿಗಿಂತ ಒಂದು ದಿನ ಮೊದಲೇ ಮೀನು ಸುದ್ದಿ ಹೇಳುತ್ತದೆ ಎಂಬುದು ಅವಳ ಅನುಭವ. ಮೊದಲ ಸಲ ಸೊಪ್ಪು ಕೊಯ್ದ ದಿನ ನೋಟುಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40, ಮೀನು 12, ಪಾಲಕ್ ಎರಡು ಕಟ್ಟು.