ಬಾಗಿಲಲ್ಲಿ ಬೀಸುವವರು

ಏಪ್ರಿಲ್ ಮಧ್ಯಾಹ್ನ ತೋಟದಂಚಿನ ತುಡುವೆ ಜೇನಿನ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ನನಗೆ ಏಳಲು ಮನಸ್ಸೇ ಬರುವುದಿಲ್ಲ. ಬಾಗಿಲಲ್ಲಿ ನಾಲ್ಕಾರು ಕೆಲಸಗಾರ ನೊಣಗಳು ಅಡಿಮಣೆಗೆ ಕಾಲೂರಿ ಒಂದೇ ಸಮನೆ ರೆಕ್ಕೆ ಬೀಸುತ್ತಿರುತ್ತವೆ. ನಮ್ಮ ತುಡುವೆ ತಲೆ ಹೊರಗೆ ಮಾಡಿ ನಿಂತು ಗಾಳಿಯನ್ನು ಗೂಡಿನೊಳಕ್ಕೆ ತಳ್ಳುತ್ತದೆ. ಯುರೋಪಿನ ಜೇನು ತಲೆ ಒಳಗೆ ಮಾಡಿ, ಒಳಗಿನ ಸೆಕೆಯನ್ನು ಹೊರಗೆಳೆದು ಹಾಕುತ್ತದೆ. ನಿಂತ ಭಂಗಿಯಲ್ಲೇ ಜಾತಿ ತಿಳಿಯುತ್ತದಲ್ಲ, ಅದು ನನಗೆ ಬಲು ಇಷ್ಟ.

ಬೀಸು ಎಂದು ಯಾರೂ ಅಪ್ಪಣೆ ಕೊಡುವುದಿಲ್ಲ. ರಾಣಿ ಹಲವು ಗಂಡು ನೊಣಗಳನ್ನು ಕೂಡುವುದರಿಂದ ಒಂದೇ ಗೂಡಿನಲ್ಲಿ ಹಲವು ತಂದೆಯರ ಮಕ್ಕಳಿರುತ್ತಾರೆ. ಒಂದೇ ಮನೆಯಲ್ಲಿ ಒಬ್ಬರಿಗೆ ಫ್ಯಾನು, ಇನ್ನೊಬ್ಬರಿಗೆ ಕಂಬಳಿ ಬೇಕಾಗುವಂತೆ ಇವಕ್ಕೂ ಸೆಕೆಯಾಗುವ ಹೊತ್ತು ಬೇರೆಬೇರೆ. ಎಲ್ಲವೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲಿಸುವುದಿಲ್ಲವಾದ್ದರಿಂದಲೇ ಗೂಡಿನ ಬಿಸಿ ಏರುಪೇರಾಗದೆ ಉಳಿಯುತ್ತದೆಂದು 2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟರು.

ಇಷ್ಟೂ ಪಾಡು ಮರಿಗಳಿಗಾಗಿ. ಅವಿರುವ ಜಾಗ 33ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬೀಸಿದ್ದು ಸಾಲದಾದಾಗ ನೊಣಗಳು ಒದ್ದೆ ಪಾಚಿಯಿಂದ ನೀರು ಹೀರಿ ತಂದು ಎರಿಯ ಕಣಗಳಿಗೆ ತೆಳ್ಳಗೆ ಸವರುತ್ತವೆ. ಬೀಸುವ ಗಾಳಿಗೆ ಅದು ಆರುತ್ತಾ ಗೂಡು ತಂಪಾಗುತ್ತದೆ. ಜರ್ಮನಿಯ ಸಂಶೋಧಕ ಮಾರ್ಟಿನ್ ಲಿಂಡಾವರ್ ದಕ್ಷಿಣ ಇಟಲಿಯ ಲಾವಾ ಬಯಲಿನ ಸುಡುಬಿಸಿಲಲ್ಲಿ ಗೂಡೊಂದನ್ನಿಟ್ಟು ನೋಡಿದ್ದರು. 1954ರಲ್ಲಿ ಅದನ್ನು ಬರೆದರು. ಹೊರಗೆ 70 ಡಿಗ್ರಿ. ನೀರು ಸಿಗುತ್ತಿದ್ದಷ್ಟು ಹೊತ್ತೂ ಒಳಗೆ 35ರ ಆಸುಪಾಸು! ಇದನ್ನು ಓದಿದಾಗಿನಿಂದ ಬೇಸಿಗೆಯಲ್ಲಿ ಕರಟದಲ್ಲಿ ನೀರಿಟ್ಟು, ನೊಣ ಮುಳುಗದಂತೆ ಕಡ್ಡಿ ತೇಲಿಬಿಡುವುದನ್ನು ನಾನು ತಪ್ಪಿಸಿಲ್ಲ.

ಚಳಿಗೆ ಇನ್ನೊಂದು ವಿದ್ಯೆ. ಹಾರಲು ಬಳಸುವ ಎದೆಯ ಸ್ನಾಯುಗಳನ್ನೇ, ರೆಕ್ಕೆ ಅಲುಗಿಸದೆ, ನಡುಗಿಸಿ ಮೈ ಕಾಯಿಸಿಕೊಳ್ಳುತ್ತವೆ. ಆ ಬಿಸಿ ಎದೆಯನ್ನು, ಮೇಣ ಮುಚ್ಚಿದ ಮರಿಕಣದ ಮೇಲೆ ಒತ್ತಿ ಹಿಡಿಯುತ್ತವೆ. ಕೆಲವು ನಡುವಿನ ಖಾಲಿ ಕಣಕ್ಕೆ ತಲೆ ತೂರಿಸಿ ಸುತ್ತಲಿನ ಮರಿಗಳನ್ನೆಲ್ಲ ಒಮ್ಮೆಗೇ ಕಾಯಿಸುತ್ತವೆ. ಕಾವು ಕಡಿಮೆಯಾಗಿ ಬೆಳೆದ ಮರಿ ಮುಂದೆ ಹೂವಿನ ದಾರಿ ಹೇಳುವ ಕುಣಿತದಲ್ಲೂ ಕಲಿಕೆಯಲ್ಲೂ ಹಿಂದೆ ಬೀಳುತ್ತದೆಂದು ತಿಳಿದ ಮೇಲೆ, ಕಣದಿಂದ ಹಿಂಭಾಗವಷ್ಟೇ ಕಾಣುವ ಆ ನೊಣಗಳ ಬಗ್ಗೆ ನನಗೆ ಗೌರವ ಹೆಚ್ಚಿದೆ.

ಈ ಕಾವಿಗೆ ಉರುವಲು ಜೇನುತುಪ್ಪವೇ. ಮಳೆಗಾಲದಲ್ಲಿ ಹೊರಗೆ ಹೂವಿಲ್ಲ, ಇದ್ದರೂ ಹಾರಲು ಬಿಡುವಿಲ್ಲ. ಆದ್ದರಿಂದ ಮರಿಗಳಿರುವ ಸಂಸಾರ ಕೋಣೆಯ ತುಪ್ಪಕ್ಕೆ ಕೈಹಾಕುವುದು ದೊಡ್ಡ ಅನ್ಯಾಯವೆಂದೇ ನನ್ನ ಎಣಿಕೆ. ಜೂನ್ ಹಿಡಿಯುವ ಮೊದಲೇ, ನೊಣಗಳು ಮುಚ್ಚಿ ಕೂರಲಾಗದಷ್ಟು ಎರಿಗಳಿದ್ದರೆ ಹೆಚ್ಚಿನವನ್ನು ತೆಗೆದಿಡುತ್ತೇನೆ. ಜಾಗ ಕಿರಿದಾದಷ್ಟೂ ಕಾವು ಹಿಡಿದಿಡುವುದು ಸುಲಭ, ಮೇಣದ ಹುಳುವಿಗೂ ಎಡೆಯಿರುವುದಿಲ್ಲ. ಆಮೇಲೆ ಪೆಟ್ಟಿಗೆ ತೆರೆಯುವುದು ಮಳೆ ಬಿಟ್ಟ ಹೊತ್ತಿನಲ್ಲಿ, ಸಕ್ಕರೆ ಪಾಕ ಇಡುವಷ್ಟು ಹೊತ್ತು ಮಾತ್ರ.