ಮುಚ್ಚಿಹೋದ ದೋಷ

ಹೋದ ವರುಷ ಪರೀಕ್ಷೆಯ ಅಂಕಗಳನ್ನು ಕೂಡಿಸುವುದಕ್ಕೆ ನಾವು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮೊಂದನ್ನು ಬರೆದೆವು. ಒಬ್ಬ ಬಾಲಿಕೆಯ 70 ಅಂಕಗಳನ್ನು ಟೈಪು ಮಾಡುವಾಗ ಸೊನ್ನೆಗೆ ಬದಲಾಗಿ ಇಂಗ್ಲಿಷಿನ 'ಓ' ಅಕ್ಷರವು ಬಿದ್ದಿತ್ತು. ಅದನ್ನು ಸಂಖ್ಯೆಯಾಗಿಸಲಾರದೆ ಲೈಬ್ರರಿಯ 'ಇಂಟ್' ಎಂಬುದು 'ವ್ಯಾಲ್ಯೂಎರರ್' ಎಂದು ಕೂಗಿ ಹೇಳಿತು. ನಾವಾದರೋ, ಎಂತಹ ದೋಷ ಬಂದರೂ ಸೊನ್ನೆಯನ್ನಿಟ್ಟು ಮುಂದೆ ಸಾಗುವಂತೆ 'ಎಕ್ಸೆಪ್ಟ್' ಪಂಕ್ತಿಯನ್ನು ಮೊದಲೇ ಬರೆದಿಟ್ಟಿದ್ದೆವು. (ಗೈರುಹಾಜರಾದವರಿಗಾಗಿ ಮಾಡಿದ ಸೌಕರ್ಯವಿದು!) ಆ ಬಾಲಿಕೆಯು ಅಂಕಪಟ್ಟಿಯನ್ನು ಹಿಡಿದು ಮೂರು ದಿನ ಯಾರೊಡನೆಯೂ ಮಾತನಾಡಲಿಲ್ಲ. ಲೈಬ್ರರಿಯು ತನ್ನ ಕರ್ತವ್ಯವನ್ನು ಮಾಡಿತ್ತು; ಅದು ಗೈರೋ ಕೈತಪ್ಪೋ ಎಂದು ವಿಚಾರಿಸಬೇಕಾಗಿದ್ದವರು ನಾವು.

ಈಗ ಗೈರನ್ನು ಬೇರೆಯಾಗಿ ಗುರುತಿಸಿ, 'ವ್ಯಾಲ್ಯೂಎರರ್' ಒಂದನ್ನೇ ಹಿಡಿದು, ಬಾಲಿಕೆಯ ಕ್ರಮಸಂಖ್ಯೆಯನ್ನು ಸೇರಿಸಿ, ಮೂಲದೋಷದ ಸಹಿತ 'ರೈಸ್ ಫ್ರಮ್' ಮೂಲಕ ಮತ್ತೆ ಎತ್ತುತ್ತೇವೆ. ಪ್ರೋಗ್ರಾಮು ಅಲ್ಲಿಯೇ ನಿಲ್ಲುತ್ತದೆ. ಅಂಕಪಟ್ಟಿಗಳು ಎರಡು ದಿನ ತಡವಾಗುತ್ತವೆ, ಪೋಷಕರು ಕ್ಷಮಿಸಬೇಕು.