ಕಡತದ ಮನೆವಿಳಾಸ

ಶಿರಿಯದ ನಮ್ಮ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಅಜ್ಜನಿಗೆ ಬಂದ ಕಾಗದಗಳಿವೆ. ಮೊದಲಿನವುಗಳ ಮೇಲೆ ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದ ಬಳಿಕ ಕಣ್ಣೂರು ಜಿಲ್ಲೆ. 1984ರ ತರುವಾಯ ಕಾಸರಗೋಡು ಜಿಲ್ಲೆ. ವಿಳಾಸ ಬದಲಾಯಿತು, ಮನೆ ಕದಲಲಿಲ್ಲ. ಚಾವಡಿಯಿಂದ ಅಡುಗೆಮನೆಗೆ ಹೋಗುವ ದಾರಿ ಅಂದಿನದೇ.

ಈ ಕಾಗದಗಳು ನೆನಪಾದದ್ದು ಗಣಕದ ಕೆಲಸದ ನಡುವೆ. 1958ರಲ್ಲಿ ಜಾನ್ ಮೆಕಾರ್ಥಿಯವರು ರೂಪಿಸತೊಡಗಿದ ಲಿಸ್ಪ್ ಭಾಷೆಯ ಒಂದು ಕವಲು ಕಾಮನ್ ಲಿಸ್ಪ್. ಅದರಲ್ಲಿ ಬರೆದ ಕಡತಗಳನ್ನು ಕ್ರಮವಾಗಿ ಜೋಡಿಸುವ ಸಾಧನ ಎಎಸ್‌ಡಿಎಫ್. ಡೇನಿಯಲ್ ಬಾರ್ಲೋ ಆರಂಭಿಸಿದ ಇದನ್ನು ಮುಂದೆ ಫಾರೆ ರಿಡೋ ಮೊದಲಾದವರು ಬೆಳೆಸಿದರು. ಇದಕ್ಕೊಂದು ಕನ್ನಡ ಕೈಪಿಡಿ ಬರೆಯಬೇಕೆಂಬ ಹಂಬಲ ನನ್ನದು.

ಮೊದಲ ಕರಡನ್ನು ಊರಿನಲ್ಲಿರುವ ಸೋದರಳಿಯನಿಗೆ ಕಳುಹಿಸಿದೆ. ಎರಡು ಸಂಜೆ ಹೆಣಗಿದ ಅವನು, "ಕಡತ ಸಿಗುವುದಿಲ್ಲ ಎನ್ನುತ್ತದೆ ಮಾವ. ಕನ್ನಡದಲ್ಲಿ ಕಲಿತ ನನಗೆ ಇದು ಹತ್ತುವುದಿಲ್ಲವೇನೋ" ಎಂದ. ನೋಡಿದರೆ ತಪ್ಪು ನನ್ನದೇ. ಉದಾಹರಣೆಯಲ್ಲಿ ನನ್ನ ಗಣಕದ ಪೂರ್ಣ ದಾರಿಯನ್ನೇ ಬರೆದಿದ್ದೆ. ಆ ದಾರಿ ಅವನ ಗಣಕದಲ್ಲಿರುವುದೆಂತು?

ಎಎಸ್‌ಡಿಎಫ್‌ಗೆ ಅಂಥ ವಿಳಾಸ ಬೇಕಿಲ್ಲ. 'ಡಿಫ್‌ಸಿಸ್ಟಮ್' ಎಂಬ ಘೋಷಣೆಯಲ್ಲಿ ವ್ಯವಸ್ಥೆಯ ಹೆಸರು, ಅದರ ಅಂಗಗಳು, ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದಿದ್ದರೆ ಸಾಕು. ಆ ಘೋಷಣೆಯ ಕಡತ ಎಲ್ಲಿದೆಯೋ ಸಾಮಾನ್ಯವಾಗಿ ಅದೇ ಮನೆ. ಉಳಿದ ಕಡತಗಳ ದಾರಿಗಳನ್ನು ಅಲ್ಲಿಂದಲೇ ಎಣಿಸಲಾಗುತ್ತದೆ. ಒಳಗೊಂದು ಘಟಕವಿದ್ದರೆ ಅದರ ಮಕ್ಕಳ ದಾರಿ ಆ ಘಟಕದಿಂದ ಹೊರಡುತ್ತದೆ. ಲಿಸ್ಪ್ ಕಡತದ ಹೆಸರಿಗೆ ಬಾಲವನ್ನೂ ಅಂಟಿಸಬೇಕಿಲ್ಲ, ಸಾಧನವೇ ಸೇರಿಸಿಕೊಳ್ಳುತ್ತದೆ. ಒಳಕೋಶಗಳನ್ನು ಬೇರ್ಪಡಿಸಲು, ಗಣಕ ಯಾವುದೇ ಇರಲಿ, ಒಂದೇ ಓರೆಗೆರೆ. ಇಡೀ ಮನೆಯನ್ನು ಬೇರೆಡೆಗೆ ಸಾಗಿಸಿದರೂ ಒಳಗಿನ ಸಂಬಂಧ ಕೆಡುವುದಿಲ್ಲ. ಹೊಸ ನೆಲೆ ಎಲ್ಲಿದೆಯೆಂದು ಸಾಧನಕ್ಕೆ ಒಮ್ಮೆ ತಿಳಿಸಬೇಕು, ಅಷ್ಟೆ.

ತಿದ್ದಿದ ಪುಟವನ್ನು ಅಳಿಯನಿಗೆ ಕಳುಹಿಸಿದೆ. ಅಂದು ರಾತ್ರಿಯೇ ಅವನ ಕರೆ ಬಂತು, ಕಾರ್ಯಕ್ರಮ ಓಡಿತ್ತು. ಕೈಪಿಡಿ ಬರೆಯುವವನು ಓದುಗನ ಅಂಗಳದಲ್ಲಿ ನಿಂತು ದಾರಿ ಹೇಳಬೇಕು. ತನ್ನ ಅಂಗಳದಲ್ಲೇ ನಿಂತು ಹೇಳಿದರೆ, ದಾರಿ ತಪ್ಪಿದವನು ತನ್ನ ಭಾಷೆಯನ್ನೇ ದೂರಿಕೊಳ್ಳುತ್ತಾನೆ. ಕರಡಿನ ಉಳಿದ ಪುಟಗಳನ್ನು ಈಗ ಮೊದಲಿನಿಂದ ತಿದ್ದುತ್ತಿದ್ದೇನೆ.